ಮೊದಲ ಬೆಲೆ

ದೆಹಲಿಯಲ್ಲಿ ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲ ಸೇರಿ ತಿಂಗಳಿಗೆ ನೂರಿಪ್ಪತ್ತು ರೂಪಾಯಿ. ಮದರಾಸಿನಲ್ಲಿ ಎಂಬತ್ತು. ಮುಳ್ಳೂರಿನ ಚಿಕ್ಕಮಾದಪ್ಪ ರೂಪಾಯಿಯಲ್ಲಿ ಲೆಕ್ಕ ಹಾಕುವವನಲ್ಲ, ರೇಷ್ಮೆ ಗೂಡಿನಲ್ಲಿ ಹಾಕುವವನು. ಅವನ ಲೆಕ್ಕದಲ್ಲಿ ದೆಹಲಿಯೆಂದರೆ ತಿಂಗಳಿಗೆ ಹದಿನೈದು ಕಿಲೋ ಒಳ್ಳೆಯ ಗೂಡು, ಮದರಾಸೆಂದರೆ ಹತ್ತು. ದೆಹಲಿಯ ಚಳಿಗೆ ಉಣ್ಣೆ ಕೋಟು ಬೇಕಂತೆ, ಅದಕ್ಕೆ ಇನ್ನೊಂದು ಐದು ಕಿಲೋ. ರೈಲಿನ ಚಾರ್ಜು ಬೇರೆ. ಒಟ್ಟು ಎರಡು ವರ್ಷದ ಓದಿನ ಖರ್ಚನ್ನು ಅವನ ಹಿಪ್ಪುನೇರಳೆ ತೋಟದ ನಾಲ್ಕು ಬೆಳೆ ತೂಗಿಬಿಡುತ್ತಿತ್ತು. ಗೂಡಿನ ವ್ಯಾಪಾರದ ಸಂಪಾದನೆ ಅದರ ಮೇಲೆ.

ಅಂದರೆ ಅವನ ಹತ್ತಿರ ದುಡ್ಡಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದು ದುಡ್ಡಿಲ್ಲದೆ ಆದದ್ದಲ್ಲ.

ಅವನಿಗೆ ಒಬ್ಬಳೇ ಮಗಳು, ಚನ್ನಮಲ್ಲಮ್ಮ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದ್ದಳು. ಮೊದಲ ದರ್ಜೆ ಬಂದಿತ್ತು. ಅವಳ ಮೇಷ್ಟರು ಹೇಳಿದರೆಂದು ಎಂ.ಎ. ಓದಲು ಎರಡು ಕಡೆಗೆ ಅರ್ಜಿ ಹಾಕಿದ್ದಳು, ದೆಹಲಿಗೊಂದು, ಮದರಾಸಿಗೊಂದು. ಸಾವಿರದ ಒಂಬೈನೂರ ಅರವತ್ತೇಳರ ಜೂನ್ ತಿಂಗಳಲ್ಲಿ ಅಂಚೆಯ ಮಾರಯ್ಯ ಒಂದೇ ವಾರದಲ್ಲಿ ಎರಡು ಲಕೋಟೆ ತಂದುಕೊಟ್ಟ. ಎರಡೂ ಕಡೆ ಸೀಟು ಸಿಕ್ಕಿತ್ತು.

ಸರ್ಕಾರ, ದೇಶ ದೇಶಗಳ ಸಂಬಂಧ ಎಂಬ ಓದು ಆ ಹುಡುಗಿಗೆ ಹಿಡಿದದ್ದು ಪುಸ್ತಕದಿಂದಲ್ಲ, ತಾಯಿಯ ತವರಿನ ದಾರಿಯಿಂದ. ತಾಯಿ ಬಸವಮ್ಮನ ತವರು ಯಳಂದೂರು. ಮುಳ್ಳೂರಿಗೂ ಯಳಂದೂರಿಗೂ ಗಾಡಿಯಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಆದರೆ ಅವಳು ಚಿಕ್ಕವಳಿದ್ದಾಗ ಮುಳ್ಳೂರು ಸೇರಿದ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ್ದು, ಯಳಂದೂರು ಮೈಸೂರಿನದು. ನಡುವೆ ಒಂದು ಚೌಕಿ ಇತ್ತು. ಗಡಿ ದಾಟಿಸಿ ಅಕ್ಕಿ ತರುವಂತಿರಲಿಲ್ಲ; ತವರಿನಿಂದ ತಂದ ಅಕ್ಕಿಯ ಮೂಟೆಯನ್ನು ಚೌಕಿಯವನು ಕೋಲು ಚುಚ್ಚಿ ನೋಡುತ್ತಿದ್ದ. ಬಸವಮ್ಮ ಮಗಳನ್ನು ಮೂಟೆಯ ಮೇಲೆ ಕೂರಿಸಿ, ಜ್ವರ ಬಂದವಳಂತೆ ಮಲಗು ಎನ್ನುತ್ತಿದ್ದಳು. ಐವತ್ತಾರರ ನವೆಂಬರಿನಲ್ಲಿ ಹೋದಾಗ ಚೌಕಿಯಲ್ಲಿ ಯಾರೂ ಇರಲಿಲ್ಲ. ಅಡ್ಡಮರ ರಸ್ತೆಯ ಪಕ್ಕ ಬಿದ್ದಿತ್ತು, ಅದರ ಮೇಲೆ ಒಂದು ಮೇಕೆ ನಿಂತಿತ್ತು.

"ಅಪ್ಪ, ಚೌಕಿಯೋನು ಎಲ್ಲಿ?" ಎಂದು ಹುಡುಗಿ ಕೇಳಿದಳು.

"ಇನ್ನಿಲ್ಲ ಕಣಮ್ಮಿ. ನಾವೂ ಮೈಸೂರಿಗೆ ಸೇರ್ಕಂಡ್ವಿ."

"ನಾವು ಎಲ್ಲಿಗೂ ಓಗ್ನಿಲ್ಲ. ಊರು ಎಂಗೆ ಓಯ್ತು?"

"ದೊಡ್ಡೋರು ಕೂತ್ಕಂಡು ಮಾತಾಡುದ್ರಂತೆ."

"ಎಲ್ಲಿ ಕೂತ್ಕಂಡು? ನಮ್ಮನ್ಯಾಕೆ ಕೇಳ್ನಿಲ್ಲ?"

ಚಿಕ್ಕಮಾದಪ್ಪ ಎತ್ತಿನ ಬಾಲ ತಿರುವಿದ. "ನಂಗೇನ್ ಗೊತ್ತು? ನೀನೇ ಓದ್ಬುಟ್ಟು ನಂಗೇಳು" ಎಂದ. ಅವನು ತಮಾಷೆಗೆ ಹೇಳಿದ್ದು. ಅವಳು ತಮಾಷೆ ಎಂದುಕೊಳ್ಳಲಿಲ್ಲ.

ಸೀಟು ಬಂದ ಮೇಲೆ ಎರಡರಲ್ಲಿ ಯಾವುದು ಎಂಬ ಮಾತು ಮನೆಯಲ್ಲಿ ಎರಡು ದಿನ ನಡೆಯಿತು. ಬಸವಮ್ಮನದು ಒಂದೇ ಹಾಡು.

"ಎರಡೂ ಬ್ಯಾಡ. ಯಳಂದೂರು ಅತ್ರ ಅದ. ನಮ್ಮಣ್ಣನ ಮಗ ತಾಲೂಕು ಆಫೀಸಲ್ಲಿ ಗುಮಾಸ್ತ ಆಗವ್ನೆ. ಇವ್ಳ ಓದು ಮುಗೀಲಿ ಅಂತ ಮೂರು ವರ್ಷದಿಂದ ಕಾಯ್ತಾವ್ರೆ."

ಚಿಕ್ಕಮಾದಪ್ಪನ ಮನಸ್ಸು ಮದರಾಸಿನ ಕಡೆಗಿತ್ತು. ಹಿಂದೆ ಜಮೀನಿನ ವ್ಯಾಜ್ಯಕ್ಕೆಂದು ಎರಡು ಸಲ ಮದರಾಸಿನ ಹೈಕೋರ್ಟಿಗೆ ಹೋಗಿ ಬಂದಿದ್ದ. "ಸಮುದ್ರ ನೋಡಿವ್ನಿ. ಓಟ್ಲು ಗೊತ್ತು. ತಮಿಳು ನಮ್ಗೆ ಬತ್ತದೆ. ಡೆಲ್ಲೀಲಿ ಯಾರವ್ರೆ ನಮ್ಗೆ? ಅಲ್ಲಿ ರಾಗಿ ಮುದ್ದೆ ಅಂದ್ರೆ ಎಮ್ಮೆಗಾ ಅಂದಾರು."

"ಅಪ್ಪ, ಊಟಕ್ಕಲ್ಲ ಹೋಗೋದು" ಎಂದಳು ಚನ್ನಿ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಹಾಗೆ. "ಮದ್ರಾಸಿನಲ್ಲಿ ಒಂದು ಸರ್ಕಾರ ಒಳಗೊಳಗೇ ಹೆಂಗೆ ನಡೀತದೆ ಅಂತ ಹೇಳ್ಕೊಡ್ತಾರೆ. ಅದೂ ಒಳ್ಳೇದೇ, ಅಲ್ಲಿನ ಮೇಷ್ಟ್ರುಗಳೂ ದೊಡ್ಡೋರೇ. ಡೆಲ್ಲೀಲಿ ಎರಡು ಸರ್ಕಾರ ಎದುರು ಬದುರು ಕೂತ್ರೆ ಏನಾಯ್ತದೆ, ಯಾರು ಯಾವಾಗ ಬಗ್ತಾರೆ, ಗೆರೆ ಎಲ್ಲಿ ಎಳೀತಾರೆ, ಅದನ್ನ ಹೇಳ್ಕೊಡ್ತಾರೆ."

ಚಿಕ್ಕಮಾದಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಅಂದ್ರೆ ವ್ಯಾಪಾರ ಅನ್ನು!"

"ಹೂಂ, ಒಂಥರಾ ವ್ಯಾಪಾರವೇ."

"ಅಯ್ಯೋ, ಮೊದ್ಲೇ ಏಳ್ಬಾರ್ದಾ? ಅಂಗಾದ್ರೆ ಡೆಲ್ಲಿಗೇ ಓಗು." ಅವನು ಹೆಂಡತಿಯ ಕಡೆ ತಿರುಗಿ ನಕ್ಕ. "ನೋಡ್ದಾ? ನಾನು ಟವೆಲ್ ಕೆಳಗೆ ಬೆರಳು ಹಿಡಿದು ಮಾಡೋ ವ್ಯಾಪಾರಾನ ಇವ್ಳು ಕುರ್ಚಿ ಮೇಲೆ ಕೂತ್ಕಂಡು ಮಾಡ್ತಾಳಂತೆ!"

ಅಪ್ಪ ಮಗಳ ನಡುವೆ ಆ ಹೊತ್ತು ಇದ್ದಷ್ಟು ಸಂತೋಷ ಮತ್ತೆ ಬರಲಿಲ್ಲ.

ದೆಹಲಿಯವರು ಓದಿನ ಫೀಸು ಮನ್ನಾ ಮಾಡಿದ್ದರು. ಹಾಸ್ಟೆಲು, ಊಟದ ಖರ್ಚು ಮನೆಯವರದು. ಒಪ್ಪಿಗೆಯಿದ್ದರೆ ಜುಲೈ ಹದಿನೈದರೊಳಗೆ ತಿಳಿಸಬೇಕು. ಚನ್ನಿ ಅಂದೇ ಒಪ್ಪಿಗೆ ಬರೆಯಲು ಕೂತಳು.

"ತಡಿ" ಎಂದ ಅಪ್ಪ. "ಬಂದ ತಕ್ಷಣ ಒಪ್ಕಬಾರ್ದು. ಫೀಸು ಬುಟ್ಟೋರು ಊಟಾನೂ ಬುಡ್ತಾರೆ. ಕೇಳ್ಬೇಕು."

"ಅಪ್ಪ, ನಿಂಗೆ ಕೊಡಕ್ಕೆ ಕಷ್ಟವಾ?"

"ಕಷ್ಟ ಅಂತ ಯಾರಂದ್ರು? ಕೋಟಿನ ಬಟ್ಟೇನೂ ನೋಡ್ಕಂಡ್ ಬಂದಿವ್ನಿ ಕೊಳ್ಳೇಗಾಲದಲ್ಲಿ. ಅದಲ್ಲ ಕಣಮ್ಮಿ. ನನ್ನ ಮಗಳು ಮೊದಲ್ನೇ ಬೆಲೆಗೆ ಓಗೋ ಮಾಲಲ್ಲ. ವ್ಯಾಪಾರ ಕಲಿಸೋರತ್ರ ವ್ಯಾಪಾರ ಮಾಡ್ದೆ ಓದ್ರೆ ನಗ್ತಾರೆ."

ಅವಳು ಅನುಮಾನಿಸಿದಳು. ಅದಕ್ಕೇ ಅವನು ಮರುದಿನ ಅವಳನ್ನು ಬಂಡಳ್ಳಿಗೆ ಜೊತೆಯಲ್ಲಿ ಕರೆದುಕೊಂಡು ಹೋದ. ಕಾಮಗೆರೆ, ಹನೂರು ದಾಟಿ ಬಸ್ಸು ಇಳಿದು, ಹನುಮಯ್ಯ ಎಂಬ ರೈತನ ಮನೆಗೆ ನಡೆದರು. ಪಡಸಾಲೆಯಲ್ಲಿ ಗೂಡು ಬಿಡಿಸಿ ಚಾಪೆಯ ಮೇಲೆ ಹರಡಿದ್ದರು. ಬೆಳೆ ಚೆನ್ನಾಗಿ ಬಂದಿತ್ತು.

ಕೊಳ್ಳೇಗಾಲದ ಕಡೆಯ ಹಳ್ಳಿಗಳಲ್ಲಿ ಆಗ ಗೂಡಿನ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಎದುರೆದುರು ಕೂತು ಕೈಗಳ ಮೇಲೆ ಟವೆಲ್ ಹಾಕಿಕೊಳ್ಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು ರೂಪಾಯಿ, ಬೆರಳಿನ ಗೆಣ್ಣು ಒತ್ತಿದರೆ ಚಿಲ್ಲರೆ. ಸುತ್ತ ಕೂತವರಿಗೆ ಕಾಣುವುದು ಟವೆಲ್ ಅಲ್ಲಾಡುವುದು ಮಾತ್ರ. ಬೆರಳು ಬೆಲೆ ಹೇಳುತ್ತಿದ್ದರೆ ಬಾಯಿ ಬೇರೆ ಏನೇನೋ ಹೇಳುತ್ತಿತ್ತು. ಆ ಹೊತ್ತಿನಲ್ಲಿ ಬಾಯಿ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಟವೆಲ್ ತೆಗೆದು ಕೈ ಮೇಲೆ ಕೈ ಹಾಕಿದ ಮೇಲೆ ಆಡಿದ ಮಾತನ್ನು ಮಾತ್ರ ತಲೆ ಹೋದರೂ ಮುರಿಯುತ್ತಿರಲಿಲ್ಲ.

ಹನುಮಯ್ಯ ಟವೆಲಿನೊಳಗೆ ಬೆರಳು ಹಿಡಿದು, "ಹನೂರಿನ ಸಾಬ್ರು ಇದಕಿಂತ ಜಾಸ್ತಿ ಕೊಡ್ತೀನಿ ಅಂದವ್ರೆ ಮಾದಪ್ನೋರೇ" ಎಂದ.

"ಅಂಗಾದ್ರೆ ಅವ್ರಿಗೇ ಕೊಡಪ್ಪ" ಎಂದ ಚಿಕ್ಕಮಾದಪ್ಪ. ಹೇಳಿದನೇ ಹೊರತು ಏಳಲಿಲ್ಲ. ಹನುಮಯ್ಯನ ಹೆಂಡತಿ ಮಜ್ಜಿಗೆ ಕೊಟ್ಟಳು, ಕುಡಿದ. ಮಳೆಯ ವಿಚಾರ ಮಾತಾಡಿದ. ಮಗಳ ಓದಿನ ವಿಚಾರ ಹೇಳಿದ. ಮತ್ತೆ ಸುಮ್ಮನೆ ಕೂತ. ಹನುಮಯ್ಯ ಗೂಡಿನ ಕಡೆ ನೋಡಿದ, ಹೊರಗೆ ಬಿಸಿಲು ನೋಡಿದ, ತಲೆ ಕೆರೆದುಕೊಂಡ.

"ಇನ್ನು ಮೂರು ದಿನಕ್ಕೆ ಚಿಟ್ಟೆ ತೂತು ಮಾಡ್ಕಂಡು ಈಚೆಗೆ ಬತ್ತವೆ. ತೂತಾದ ಗೂಡ್ನ ಯಾರೂ ಕೊಳ್ಳಾಕಿಲ್ಲ. ಅದು ಗೊತ್ತಿದ್ದೇ ಕೂತಿದೀರಿ ನೀವು" ಎಂದು ನಕ್ಕು, ಅಳುಕಿನಿಂದಲೇ ಬೆರಳೊಂದನ್ನು ಬಿಟ್ಟುಕೊಟ್ಟ. ಟವೆಲ್ ತೆಗೆದರು. ಕೈ ಮೇಲೆ ಕೈ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ. "ಏನ್ ನೋಡ್ದೆ?"

"ಅವ್ರು ಸುಳ್ಳು ಹೇಳುದ್ರು. ನೀನು ಅದು ಸುಳ್ಳು ಅಂತ ಗೊತ್ತಿದ್ದೂ ಬೇಜಾರು ಮಾಡ್ಕಳ್ನಿಲ್ಲ."

"ಎಲ್ರಿಗೂ ಗೊತ್ತಿರೋ ಸುಳ್ಳು ಸುಳ್ಳಲ್ಲ. ಅದು ಟವೆಲಿನ ಮಾತು. ಮತ್ತೇನ್ ನೋಡ್ದೆ?"

"ಸುಮ್ಮನೆ ಕೂತಿದ್ದೋರು ಗೆದ್ರು."

"ಅಷ್ಟೇ ಕಣಮ್ಮಿ ವಿದ್ಯೆ. ಮಿಕ್ಕಿದ್ದೆಲ್ಲ ಮಜ್ಜಿಗೆ."

ಮೂವತ್ತು ವರ್ಷದ ವ್ಯಾಪಾರದಲ್ಲಿ ಅಪ್ಪ ಒಂದು ಸಲವೂ ಸೋತದ್ದನ್ನು ಅವಳು ಕಂಡವಳಲ್ಲ, ಕೇಳಿದವಳಲ್ಲ. ಇಡೀ ಊರು ಬೇಡವೆಂದಾಗ ಅವಳನ್ನು ಮೈಸೂರಿಗೆ ಕಳಿಸಿದವನೂ ಅವನೇ. ಅವನ ಮಾತು ಮೀರಿ ಕಾಗದ ಹಾಕುವುದು ಅವಳಿಂದಾಗಲಿಲ್ಲ. ಅಂದು ಸಂಜೆ ದೀಪ ಹಚ್ಚಿಕೊಂಡು, ಅವನು ಹೇಳಿದಂತೆ ಇಂಗ್ಲಿಷಿನಲ್ಲಿ ಬರೆಯಲು ಕೂತಳು.

"ಬರಿ. ಮದರಾಸಿನೋರು ಊಟ, ಓಸ್ಟೆಲು ಎಲ್ಲಾ ಪುಗಸಟ್ಟೆ ಕೊಡ್ತೀವಿ ಅಂದವ್ರೆ. ನೀವು ಏನ್ ಕೊಡ್ತೀರಿ?"

"ಅವ್ರು ಹಂಗೆ ಅಂದಿಲ್ವಲ್ಲ ಅಪ್ಪ."

"ಹನುಮಯ್ಯಂಗೆ ಸಾಬ್ರು ಅಂದಿದ್ರಾ?"

ಅವಳು ಬರೆದಳು. ಆಮೇಲೆ ಮದರಾಸಿಗೂ ಒಂದು ಬರೆಸಿದ. ಅದರಲ್ಲಿ ದೆಹಲಿಯವರು ಎಲ್ಲ ಕೊಡುತ್ತಿದ್ದರು.

"ಅದ್ಯಾಕೆ? ನಾನು ಹೋಗೋದು ಡೆಲ್ಲಿಗಲ್ವಾ?"

"ಎರಡ್ನೇ ಗಿರಾಕಿ ಕೈಲಿಲ್ದೆ ಮೊದಲ್ನೇ ಗಿರಾಕಿತವ ಕೂರಬಾರ್ದು ಕಣಮ್ಮಿ."

ಮಾರಯ್ಯ ಎರಡೂ ಕಾಗದ ತೆಗೆದುಕೊಂಡು ಹೋದ.

ಅದೇ ವಾರ ಯಳಂದೂರಿನಿಂದ ಕೆಂಪನಂಜಪ್ಪ ಬಂದ. ಬಸವಮ್ಮನ ಅಣ್ಣ, ಗುಮಾಸ್ತ ಹುಡುಗನ ಅಪ್ಪ. ಒಳ್ಳೆಯ ಮನುಷ್ಯ, ಒಂದು ಮಾತು ಹೇಳಬೇಕಾದರೆ ಮೂರು ಸಲ ಕೆಮ್ಮುವವನು. ಊಟವಾದ ಮೇಲೆ ಕೆಮ್ಮಿದ.

"ಬಾವ, ಹನೂರಿಂದ ಒಂದು ಎಣ್ಣು ಬಂದದೆ. ಅವ್ರು ಅವಸರ ಮಾಡ್ತಾವ್ರೆ. ನಮ್ಮ ಉಡುಗಿನೇ ಆಗ್ಲಿ ಅಂತ ನಮ್ಮಾಸೆ. ಇಲ್ಲ ಅಂದ್ರೆ ಇಲ್ಲ ಅಂದ್ಬುಡಿ, ನಾನೇನು ಬೇಜಾರು ಮಾಡ್ಕಳಾಕಿಲ್ಲ."

"ಇಲ್ಲ" ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ಬಸವಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವಳನ್ನೂ ಅಳಿಸಬಾರದು, ಬಾವಮೈದುನನನ್ನೂ ಬರಿಗೈಯಲ್ಲಿ ಕಳಿಸಬಾರದು ಎಂದು ಚಿಕ್ಕಮಾದಪ್ಪ ಒಂದು ಮಾತು ಕಟ್ಟಿದ.

"ನೋಡು ಕೆಂಪನಂಜಪ್ಪ. ಆಷಾಢ ಕಳೆಯೋದ್ರೊಳಗೆ ಮಗಳು ಡೆಲ್ಲಿ ರೈಲೋ ಮದ್ರಾಸು ರೈಲೋ ಹತ್ತುದ್ರೆ ಓದು. ಹತ್ನಿಲ್ಲ ಅಂದ್ರೆ ಶ್ರಾವಣದಲ್ಲಿ ನಿಮ್ಮನೆ ಸೊಸೆ."

"ಮಾತಾ?"

"ಮಾತು." ಹೆಗಲ ಮೇಲಿನ ಟವೆಲನ್ನು ತೆಗೆದು ಪಕ್ಕಕ್ಕಿಟ್ಟು ಕೈ ಮೇಲೆ ಕೈ ಹಾಕಿದ.

ಒಳಗೆ ಚನ್ನಿ ಇದನ್ನು ಕೇಳಿಸಿಕೊಂಡಳು. ಅವಳಿಗೆ ಭಯವಾಗಲಿಲ್ಲ. ಅವಳ ಟ್ರಂಕು ಆಗಲೇ ಅರ್ಧ ತುಂಬಿತ್ತು. ಬಸವಮ್ಮನೇ ಅದರಲ್ಲಿ ಚಟ್ನಿಪುಡಿಯ ಡಬ್ಬಿ ಇಟ್ಟಿದ್ದಳು.

ಜುಲೈ ಬಂತು. ದೆಹಲಿಯಿಂದ ಉತ್ತರವಿಲ್ಲ, ಮದರಾಸಿನಿಂದಲೂ ಇಲ್ಲ. ಚನ್ನಿ ಬೆಳಿಗ್ಗೆ ಎದ್ದರೆ ಮಾರಯ್ಯ ಬರುವ ಓಣಿಯ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ಚಿಕ್ಕಮಾದಪ್ಪನಿಗೆ ಮಾತ್ರ ಒಳಗೊಳಗೇ ಸಂತೋಷ.

"ಸುಮ್ನಾಗವ್ರೆ ಅಂದ್ರೆ ಲೆಕ್ಕ ಆಕ್ತಾವ್ರೆ ಅಂತ. ಬೆರಳು ಬುಡೋ ಮುಂದೆ ಎಲ್ರೂ ಸುಮ್ನಾಯ್ತಾರೆ."

"ಅಪ್ಪ, ಹದಿನೈದು ಹತ್ರ ಬಂತು. ಒಂದು ತಂತಿ ಕೊಡಾಣ. ಒಪ್ಪಿದೀವಿ ಅಂತ ಎರಡೇ ಮಾತು."

"ತಂತಿಯಾ? ತಂತಿ ಕೊಟ್ರೆ ಮುಗೀತು. ಇವ್ರಿಗೆ ಅವಸರ ಅದೆ ಅಂತ ಗೊತ್ತಾಯ್ತದೆ."

"ನಮ್ಗೆ ಅವಸರ ಇದೆಯಲ್ಲಪ್ಪ."

"ಅದು ನಮ್ಗೆ ಗೊತ್ತಿದ್ರೆ ಸಾಕು."

ಮಾರನೆಯ ದಿನ ಅವಳು ಮತ್ತೆ ಕೇಳಿದಳು. ಅವನು ರೇಗಿದ, "ನಾನು ಸೋತಿದ್ನ ಎಂದಾದ್ರೂ ನೋಡಿದಿಯಾ?" ಎಂದ. ಆ ರಾತ್ರಿ ಅವಳು ಊಟ ಮಾಡಲಿಲ್ಲವೆಂದು ಬಸವಮ್ಮ ಹೇಳಿದಾಗ, "ಓಗೋ ಉಡುಗಿ, ಮನಸು ತಡೀತಾಯಿಲ್ಲ, ಅದ್ಕೆ" ಎಂದು ತಾನೇ ತಟ್ಟೆ ಹಿಡಿದುಕೊಂಡು ಹೋಗಿ ಕೂರಿಸಿ ಉಣ್ಣಿಸಿದ.

ದೆಹಲಿಯ ಕಾಗದ ಇಪ್ಪತ್ತನೇ ತಾರೀಖಿನ ಮೇಲೆ ಬಂತು. ಚನ್ನಿ ಜಗಲಿಯ ಮೇಲೆ ನಿಂತುಕೊಂಡೇ ಓದಿದಳು. ಓದಿ ಮುಗಿಸಿ ಕೂತಳು.

"ಏನಂತೆ? ಎಷ್ಟಕ್ಕೆ ಬಂದವ್ರೆ?"

ಅವಳು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ನಿಮಗೆ ಮದರಾಸಿನಲ್ಲಿ ಊಟ, ವಸತಿ ಸಮೇತ ಸ್ಥಾನ ಸಿಕ್ಕಿರುವುದು ತಿಳಿದು ಸಂತೋಷವಾಯಿತು. ಅಷ್ಟು ಕೊಡುವ ಶಕ್ತಿ ನಮಗಿಲ್ಲ. ನಿಮ್ಮಿಂದ ಒಪ್ಪಿಗೆ ಬಾರದ್ದರಿಂದ ಆ ಸ್ಥಾನವನ್ನು ಮುಂದಿನವರಿಗೆ ಕೊಟ್ಟಿದ್ದೇವೆ. ಮದರಾಸಿನಲ್ಲಿ ನಿಮ್ಮ ಓದು ಚೆನ್ನಾಗಿ ನಡೆಯಲಿ.

ಚಿಕ್ಕಮಾದಪ್ಪ ತಲೆದೂಗಿದ. "ಪರವಾಗಿಲ್ಲ, ಗಟ್ಟಿಗ್ರು. ಅವ್ರಿಗೇ ಕೊಡಪ್ಪ ಅಂತಾವ್ರೆ. ಇನ್ನು ನಾವು ಒಂದು ಬೆರಳು ಬುಡಾಣ. ಊಟ ಬ್ಯಾಡ, ಓಸ್ಟೆಲು ಮಾತ್ರ ಬುಡಿ ಅಂತ ಬರಿ."

"ಅಪ್ಪ."

"ಬರಿಯಮ್ಮಿ."

"ಅಪ್ಪ, ಅವ್ರು ಎದ್ದು ಹೋದ್ರು. ಟವೆಲ್ ಇರ್ನಿಲ್ಲ. ನಾವು ಬರೆದಿದ್ನ ಅವ್ರು ನಿಜ ಅಂತ ತಿಳ್ಕಂಡ್ರು."

ಅವನು ಅರ್ಥವಾಗದವನಂತೆ ಅವಳ ಮುಖ ನೋಡಿದ. ಸುಳ್ಳನ್ನು ನಂಬುವ ಜನ ಇರಬಹುದೆಂದು ಅವನಿಗೆ ಮೂವತ್ತು ವರ್ಷದಲ್ಲಿ ತೋಚಿರಲಿಲ್ಲ.

ಮೂರು ದಿನ ಕಳೆದು ಮದರಾಸಿನ ಕಾಗದವೂ ಬಂತು. ಅದೂ ಇಷ್ಟೇ ಮರ್ಯಾದೆಯ ಕಾಗದ. ದೆಹಲಿಯಲ್ಲಿ ಸಿಕ್ಕ ಅವಕಾಶಕ್ಕೆ ಅವರೂ ಸಂತೋಷಪಟ್ಟಿದ್ದರು.

ಚನ್ನಿ ಈಗ ಯಾರನ್ನೂ ಕೇಳದೆ ಕೊಳ್ಳೇಗಾಲಕ್ಕೆ ಹೋಗಿ ದೆಹಲಿಗೆ ತಂತಿ ಕೊಟ್ಟಳು. ಮೈಸೂರಿನ ಮೇಷ್ಟರು ತಮಗೆ ಗೊತ್ತಿದ್ದವರಿಗೆ ಬರೆದರು. ಜಾಗ ತುಂಬಿಹೋಗಿತ್ತು. ಚಿಕ್ಕಮಾದಪ್ಪ ತನಗೆ ದಾರಿ ಗೊತ್ತಿದ್ದ ಊರಿಗೆ ಹೋದ. ಮದರಾಸಿನ ಆ ಕಾಲೇಜಿನ ಆಫೀಸಿನವರು ಕೂರಿಸಿ ಕಾಫಿ ತರಿಸಿಕೊಟ್ಟರು. ತಾನು ಬರೆಸಿದ್ದು ಸುಳ್ಳೆಂದು, ಊಟಕ್ಕೆ ಎಷ್ಟಾದರೂ ಕೊಡುತ್ತೇನೆಂದು, ಬೇಕಾದರೆ ಎರಡರಷ್ಟು ಕೊಡುತ್ತೇನೆಂದು ಅವನು ತನಗೆ ಬಂದ ತಮಿಳಿನಲ್ಲಿ ಹೇಳಿದ. ಅವರು ಪಾಪ, ಮರುಕದಿಂದಲೇ ಕೇಳಿದರು. ಮಗಳ ಜಾಗಕ್ಕೆ ತಿರುನೆಲ್ವೇಲಿಯ ಕಡೆಯ ಒಬ್ಬಳು ಹುಡುಗಿ ಆಗಲೇ ಬಂದು ಸೇರಿದ್ದಳು. ಅವಳನ್ನು ಎಬ್ಬಿಸಲಾಗುತ್ತದೆಯೇ? ಅವನು ಕಾಫಿ ಕುಡಿಯದೆ ಎದ್ದು ಬಂದ.

ಮದರಾಸಿನಿಂದ ನೇರವಾಗಿ ಯಳಂದೂರಿಗೆ ಹೋಗಿ, ಕೊಟ್ಟ ಮಾತು ಬಿಟ್ಟುಕೊಡಲಾದೀತೇ ಎಂದು ಕೇಳಿದ. ಕೆಂಪನಂಜಪ್ಪ ಮೂರು ಸಲ ಕೆಮ್ಮಿದ.

"ಬಾವ, ಹನೂರಿನ ಎಣ್ಣ ಬ್ಯಾಡ ಅಂತ ಏಳಿ ಕಳಿಸ್ಬುಟ್ಟೆ. ಅವ್ರು ಬೇರೆ ಕಡೆ ಗೊತ್ತು ಮಾಡ್ಕಂಡ್ರು. ಕೈ ಮೇಲೆ ಕೈ ಆಕ್ದೋರು ನೀವು, ನಾ ಕೇಳ್ನಿಲ್ಲ. ಆದ್ರೂ ನೀವು ಮುರೀತೀನಿ ಅಂದ್ರೆ ಮುರ್ಕಳಿ. ನಾನು ಯಾರ್ತಾವೂ ಏಳಾಕಿಲ್ಲ."

ಯಾರ ಹತ್ತಿರವೂ ಹೇಳುವುದಿಲ್ಲ ಎಂದದ್ದೇ ಚಿಕ್ಕಮಾದಪ್ಪನಿಗೆ ಕಷ್ಟವಾಯಿತು. ಬಯ್ದಿದ್ದರೆ ಜಗಳವಾಡಿ ಬರಬಹುದಿತ್ತು.

ಮನೆಗೆ ಬಂದವನು ಮಗಳನ್ನು ಹಿತ್ತಲಿಗೆ ಕರೆದ. ಹಿಪ್ಪುನೇರಳೆ ಸೊಪ್ಪು ಕುಯ್ದು ಗುಡ್ಡೆ ಹಾಕಿದ್ದರು. ಅದರ ಪಕ್ಕ ನಿಂತು ಹೇಳಿದ.

"ನೀನು ಬ್ಯಾಡ ಅನ್ನು. ಮುರ್ದ್ಬುಡ್ತೀನಿ. ಮುಂದಿನ ವರ್ಷ ತಿರ್ಗ ಅರ್ಜಿ ಆಕು. ಮೊದಲ್ನೇ ಬೆಲೆಗೇ ಒಪ್ಕಳಾಣ. ಬೆಲೆನೇ ಕೇಳಾದ್ ಬ್ಯಾಡ."

ಅವಳು ಬಗ್ಗಿ ಗುಡ್ಡೆಯಿಂದ ಜಾರಿದ ಸೊಪ್ಪನ್ನು ಮತ್ತೆ ಮೇಲಕ್ಕೆ ಹಾಕಿದಳು. ಆಮೇಲೆ ಕೇಳಿದಳು. "ಕೈ ಹಾಕಿದ ಮಾತು ಮುರಿದ್ರೆ ನಿಂಗೆ ಗೂಡು ಯಾರು ಕೊಡ್ತಾರೆ ಅಪ್ಪ?"

"ಗೂಡು ಆಳಾಗೋಗ್ಲಿ."

"ಬಂಡಳ್ಳಿಯೋರು ದುಡ್ಡೇ ಎಣಿಸ್ದೆ ನಿನ್ನ ಗಾಡಿಗೆ ತುಂಬ್ತಾರೆ. ಮಾದಪ್ನೋರು ಮಾತು ಕೊಟ್ಟವ್ರೆ ಅಂತ. ನಾನು ನೋಡಿವ್ನಿ." ಅವಳು ಒಂದು ಎಲೆ ಎತ್ತಿಕೊಂಡು ಮಡಚಿದಳು, ಮತ್ತೆ ಮಡಚಿದಳು. "ಅಮ್ಮಂಗೆ ಅವ್ರಣ್ಣನ ಮನೆ ಬಾಗ್ಲಿಗೆ ಮತ್ತೆ ಹೋಗಕ್ಕಾಗಾಕಿಲ್ಲ. ಬುಡಪ್ಪ."

"ಅಂದ್ರೆ?"

"ಅಂದ್ರೆ ಶ್ರಾವಣ."

ಅವನು ಸೊಪ್ಪಿನ ಗುಡ್ಡೆಯ ಮೇಲೆಯೇ ಕೂತುಬಿಟ್ಟ. ಗೂಡಿನ ವ್ಯಾಪಾರಿ ಸೊಪ್ಪಿನ ಮೇಲೆ ಕೂರುವುದಿಲ್ಲ, ಹುಳ ತಿನ್ನುವ ಸೊಪ್ಪು ಅದು. ಅಂದು ಅವನಿಗೆ ಅದರ ಗಮನವಿರಲಿಲ್ಲ.

"ಗೂಡು ಯಾರ ಮನೇಲಿ ಅದೆ ಅಂತ್ಲೇ ನಾನು ನೋಡ್ನಿಲ್ಲ ಕಣಮ್ಮಿ" ಎಂದ. "ದುಡ್ಡಿಟ್ಕಂಡೋನು ಎಷ್ಟು ದಿನ ಬೇಕಾದ್ರೂ ಕೂರ್ಬೌದು. ಗೂಡಿಟ್ಕಂಡೋನು ಕೂರಕ್ಕಾಗಾಕಿಲ್ಲ. ದಿನಾ ಹನುಮಯ್ಯಂಗೆ ಮಾಡೋನು ನಾನೇ. ಈ ಸಲ ಗೂಡು ನಮ್ಮ ಮನೇಲಿತ್ತು."

ಶ್ರಾವಣದಲ್ಲಿ ಮದುವೆಯಾಯಿತು. ಟ್ರಂಕಿನಲ್ಲಿದ್ದ ಪುಸ್ತಕಗಳನ್ನು ತೆಗೆದು ಸೀರೆ ಇಟ್ಟರು. ಚಟ್ನಿಪುಡಿಯ ಡಬ್ಬಿ ಇದ್ದಲ್ಲೇ ಇತ್ತು.

ಗಂಡ ಶಿವನಂಜಪ್ಪ ತನ್ನ ಅಪ್ಪ ಕೆಂಪನಂಜಪ್ಪನ ಹಾಗೆಯೇ ಸಾಧು. ಹೆಂಡತಿಗೆ ದಿನವೂ ಆಫೀಸಿನಿಂದ ಹಳೆಯ ಪೇಪರು ತಂದುಕೊಡುತ್ತಿದ್ದ. ಒಂದು ಗಂಡು, ಒಂದು ಹೆಣ್ಣು ಮಗುವಾಯಿತು. ಐದು ವರ್ಷ ಕಳೆದವು. ಚಿಕ್ಕಮಾದಪ್ಪ ಯಳಂದೂರಿಗೆ ಬಂದಾಗಲೆಲ್ಲ ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದ, ಬಾವಮೈದುನನ ಜೊತೆ ಎಲೆ ಹಾಕುತ್ತಿದ್ದ, ಮಗಳ ಹತ್ತಿರ ಮಾತ್ರ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ವ್ಯಾಪಾರ ಬಿಟ್ಟಿರಲಿಲ್ಲ, ಆದರೆ ಟವೆಲಿನೊಳಗೆ ಮೊದಲು ಬೆರಳು ಹಿಡಿಯುವವನು ಈಗ ಅವನೇ. ಮಾದಪ್ಪನೋರಿಗೆ ವಯಸ್ಸಾಯಿತು, ಕೂರುವ ತಾಳ್ಮೆ ಹೋಯಿತು ಎಂದು ಬಂಡಳ್ಳಿಯವರು ಆಡಿಕೊಳ್ಳುತ್ತಿದ್ದರು.

ಎಪ್ಪತ್ತೆರಡರ ಜುಲೈನಲ್ಲಿ ಒಂದು ಹಲಸಿನಹಣ್ಣು ಹೊತ್ತುಕೊಂಡು ಬಂದ. ಅಡಿಗೆಮನೆಯಲ್ಲಿ ರೇಡಿಯೋ ವಾರ್ತೆ ಹೇಳುತ್ತಿತ್ತು. ಯುದ್ಧ ಮುಗಿಸಿದ ಎರಡು ದೇಶದವರು ಶಿಮ್ಲಾದಲ್ಲಿ ಕೂತು ಮಾತಾಡಿ ಒಪ್ಪಂದಕ್ಕೆ ಬಂದಿದ್ದರು. ಚನ್ನಮಲ್ಲಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಅವನೇ ಬಗ್ಗಿ ಅದನ್ನು ತಿರುವಿದ.

"ಏನಂತೆ?" ಎಂದ.

ಅವಳು ಹೇಳತೊಡಗಿದಳು. ಯಾರ ಹತ್ತಿರ ಸೆರೆಯಾಳುಗಳಿದ್ದಾರೆ, ಯಾರ ನೆಲ ಯಾರ ಕೈಯಲ್ಲಿದೆ, ಯಾರು ಏನು ಬಿಟ್ಟುಕೊಟ್ಟು ಏನು ಉಳಿಸಿಕೊಂಡರು. ಹೇಳುತ್ತ ಹೇಳುತ್ತ ಹಿಟ್ಟಿನ ಮಣೆಯ ಮೇಲೆ ಬೆರಳಲ್ಲಿ ಗೆರೆ ಎಳೆದಳು. ಅವಳ ದನಿ ಏರಿತು. ಅವನು ಅವಳ ಆ ದನಿಯನ್ನು ಕೇಳಿ ಐದು ವರ್ಷವಾಗಿತ್ತು.

"ಗೂಡು ಯಾರ ಕೈಲಿತ್ತು?" ಎಂದು ಕೇಳಿದ.

"ಇಬ್ರ ಕೈಲೂ ಇತ್ತಪ್ಪ. ಅದಕ್ಕೇ ಇಬ್ರೂ ಎದ್ದೋಗ್ನಿಲ್ಲ."

ಅವನು ತಲೆದೂಗಿದ. ರೊಟ್ಟಿಯನ್ನು ಹೆಂಚಿನಿಂದ ಇಳಿಸಿ ಕೇಳಿದ. "ಚಿಕ್ಕೋಳಾಗಿದ್ದಾಗ ಕೇಳ್ತಿದ್ದಲ್ಲ. ನಮ್ಮೂರು ಎಂಗೆ ಈ ಕಡೆ ಬಂತು, ನಮ್ಮನ್ಯಾಕೆ ಕೇಳ್ನಿಲ್ಲ ಅಂತ. ಅದು ಗೊತ್ತಾಯ್ತಾ?"

ಅವಳು ಮಣೆಯ ಮೇಲಿನ ಗೆರೆಯನ್ನು ಅಂಗೈಯಿಂದ ಒರೆಸಿ, ಇನ್ನೊಂದು ಉಂಡೆ ತೆಗೆದುಕೊಂಡಳು.

"ಇಲ್ಲಪ್ಪ. ಅಷ್ಟು ದೂರ ಓದ್ನಿಲ್ಲ."

ಅವನು ಅಂದು ರಾತ್ರಿ ಉಳಿಯಲಿಲ್ಲ. ಚೌಕಿ ಇದ್ದ ಜಾಗವನ್ನು ಬಸ್ಸು ದಾಟುವಾಗ ಇನ್ನೂ ಬೆಳಕಿತ್ತು. ಅಲ್ಲಿ ಈಗ ಏನೂ ಇರಲಿಲ್ಲ.

ಚನ್ನಮಲ್ಲಮ್ಮನಿಗೆ ಸಿಕ್ಕಿದ್ದು ಒಳ್ಳೆಯ ಗಂಡ, ಇಬ್ಬರು ಮಕ್ಕಳು, ಯಳಂದೂರಿನಲ್ಲಿ ಒಂದು ಹೆಂಚಿನ ಮನೆ. ಚಿಕ್ಕಮಾದಪ್ಪನಿಗೆ ಉಳಿದದ್ದು ಕೊಟ್ಟ ಮಾತಿಗೆ ತಪ್ಪದವನೆಂಬ ಹೆಸರು. ಹೋದದ್ದು ದೆಹಲಿ. ಅದರ ಬೆಲೆ ತಿಂಗಳಿಗೆ ಹದಿನೈದು ಕಿಲೋ ಗೂಡು. ಅದು ಅವನ ಹತ್ತಿರ ಇತ್ತು.